ಬೆಳಕಿನ ಚುಕ್ಕೆ ಎಲ್ಲಿದೆ ಅಂತ ಅಳೆಯಲು ಯಾವ ಸೆನ್ಸರ್ ತಗೋಬೇಕು?

ಒಂದು ಲೇಸರ್, ಒಂದು ಪುಟ್ಟ ಕನ್ನಡಿ, ಎದುರಿಗೊಂದು ಗೋಡೆ. ಕನ್ನಡಿ ಚೂರೇ ಚೂರು ವಾಲಿದರೂ ಗೋಡೆ ಮೇಲಿನ ಚುಕ್ಕೆ ಕಣ್ಣಿಗೆ ಕಾಣುವಷ್ಟು ಸರಿಯುತ್ತದೆ. ಕನ್ನಡಿ ಎಷ್ಟು ತಿರುಗಿತೋ ಬೆಳಕು ಅದರ ಎರಡರಷ್ಟು ತಿರುಗುತ್ತದೆ. ಒಂದು ಮೀಟರ್ ದೂರದಲ್ಲಿ ಗೋಡೆ ಇದ್ದರೆ, ಒಂದು ಮಿಲಿರೇಡಿಯನ್ (ಸುಮಾರು 0.057 ಡಿಗ್ರಿ) ವಾಲಿಕೆಗೆ ಚುಕ್ಕೆ 2 ಮಿಮೀ ಓಡುತ್ತದೆ. ಕಂಪನ, ವಾಲಿಕೆ, ದೂರ, ದಪ್ಪ ಹೀಗೆ ಎಷ್ಟೋ ಅಳತೆಗಳನ್ನು ಕೊನೆಗೆ ಈ ಒಂದು ಪ್ರಶ್ನೆಗೆ ತಂದು ನಿಲ್ಲಿಸಬಹುದು: ಚುಕ್ಕೆ ಈಗ ಎಲ್ಲಿದೆ?

ಸೆನ್ಸರ್ ಆರಿಸುವಾಗ ನಾವೆಲ್ಲ ಮೊದಲು ಮಾಡುವ ಕೆಲಸ ಡೇಟಾಶೀಟ್ ತೆರೆದು ರೆಸಲ್ಯೂಷನ್, ಅಂದರೆ ಅದು ಗುರುತಿಸಬಲ್ಲ ಅತಿ ಸಣ್ಣ ಚಲನೆ, ಎಷ್ಟು ಅಂತ ನೋಡುವುದು. ಆ ಅಂಕಿ ಸುಳ್ಳಲ್ಲ. ಆದರೆ ಅದು ಕತ್ತಲೆ ಡಬ್ಬಿಯೊಳಗೆ, ಒಳ್ಳೆಯ ದುಂಡನೆ ಚುಕ್ಕೆ ಬಿಟ್ಟು ತೆಗೆದ ಅಂಕಿ. ನಿಮ್ಮ ಟೇಬಲ್ ಮೇಲೆ ಅಳತೆ ಕೆಡಿಸುವುದು ಹೆಚ್ಚಾಗಿ ಸೆನ್ಸರ್ ಅಲ್ಲ, ಚುಕ್ಕೆಯ ಆಕಾರ ಮತ್ತು ಸುತ್ತಲಿನ ಬೆಳಕು. ಹಾಗಾಗಿ ಸೆನ್ಸರ್ ಪಕ್ಕಕ್ಕಿಟ್ಟು ಚುಕ್ಕೆಯಿಂದಲೇ ಶುರು ಮಾಡೋಣ.

ಹೆಜ್ಜೆ 1: ನಾಲ್ಕು ಅಂಕಿ ಬರೆದುಕೊಳ್ಳಿ

ಚುಕ್ಕೆ ಒಟ್ಟು ಎಷ್ಟು ದೂರ ಓಡಾಡುತ್ತದೆ? ಅದರಲ್ಲಿ ನಿಮಗೆ ಗೊತ್ತಾಗಲೇಬೇಕಾದ ಅತಿ ಸಣ್ಣ ಚಲನೆ ಎಷ್ಟು? ಎಷ್ಟು ಬೇಗ ಓಡಾಡುತ್ತದೆ? ಒಂದೇ ದಿಕ್ಕಿನಲ್ಲೋ, ಎರಡು ದಿಕ್ಕಿನಲ್ಲೋ?

ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಚುಕ್ಕೆ 10 ಮಿಮೀ ಓಡಾಡಬೇಕು, 10 ಮೈಕ್ರಾನ್ (ಒಂದು ಮಿಮೀ ಅಂದರೆ ಸಾವಿರ ಮೈಕ್ರಾನ್) ಗೊತ್ತಾಗಬೇಕು ಅಂದರೆ ಸಾವಿರಕ್ಕೆ ಒಂದು. ಇದು ಹೆಚ್ಚು ತಲೆನೋವಿಲ್ಲದ ಕೆಲಸ. ಅದೇ 10 ಮಿಮೀನಲ್ಲಿ 0.1 ಮೈಕ್ರಾನ್ ಬೇಕು ಅಂದರೆ ಲಕ್ಷಕ್ಕೆ ಒಂದು. ಆಗ ಸೆನ್ಸರ್ ಕೊಳ್ಳುವ ಮುಂಚೆ ನಿಜಕ್ಕೂ ಅಷ್ಟು ಬೇಕಾ ಅಂತ ಇನ್ನೊಮ್ಮೆ ಕೇಳಿಕೊಳ್ಳಿ. ಎಷ್ಟೋ ಸಲ ಉತ್ತರ ಹೀಗಿರುತ್ತದೆ: ಓಡಾಟ 10 ಮಿಮೀ ಇರುವುದು ಜೋಡಿಸುವಾಗ ಮಾತ್ರ, ಅಳೆಯುವಾಗ ಚುಕ್ಕೆ ಅರ್ಧ ಮಿಮೀ ಒಳಗೇ ಇರುತ್ತದೆ. ಹಾಗಾದರೆ ಕೆಲಸ ಪೂರ್ತಿ ಬೇರೆ, ಸೆನ್ಸರೂ ಬೇರೆ.

ಹೆಜ್ಜೆ 2: ಚುಕ್ಕೆಯ ಮುಖ ನೋಡಿ

ಸೆನ್ಸರ್ ಕೂರಿಸಬೇಕಾದ ಜಾಗದಲ್ಲೇ ಒಂದು ಬಿಳಿ ಕಾಗದ ಹಿಡಿದು ಚುಕ್ಕೆ ನೋಡಿ. ಲೇಸರ್ ಕಿರಣಕ್ಕೆ ನೇರ ಕಣ್ಣು ಕೊಡಬೇಡಿ, ಕನ್ನಡಿಯಿಂದ ಮರಳಿ ಬರುವ ಕಿರಣಕ್ಕೂ ಅಷ್ಟೇ. ಇನ್‌ಫ್ರಾರೆಡ್ ಲೇಸರ್ ಆದರೆ ಇನ್ನೂ ಹುಷಾರು, ಅದು ಕಾಣುವುದೇ ಇಲ್ಲ.

ಅಗ್ಗದ ಲೇಸರ್ ಮಾಡ್ಯೂಲ್ ಆದರೆ ಚುಕ್ಕೆ ದುಂಡಗಿರುವುದಿಲ್ಲ, ಉದ್ದುದ್ದ ಇರುತ್ತದೆ, ಪಕ್ಕದಲ್ಲಿ ಬಾಲ ಬೇರೆ. ಮನೆಯಲ್ಲಿ ಮುಖ ನೋಡಿಕೊಳ್ಳುವ ಮಾಮೂಲಿ ಕನ್ನಡಿ ಬಳಸಿದ್ದರೆ ಮುಖ್ಯ ಚುಕ್ಕೆಯ ಪಕ್ಕ ಇನ್ನೊಂದು ಮಂಕು ಚುಕ್ಕೆ ಕಾಣುತ್ತದೆ. ಆ ಕನ್ನಡಿಗಳಲ್ಲಿ ಲೇಪ ಇರುವುದು ಗಾಜಿನ ಹಿಂದೆ. ಗಾಜಿನ ಮುಂಭಾಗವೂ ಸ್ವಲ್ಪ ಬೆಳಕನ್ನು ವಾಪಸ್ ಕಳಿಸುತ್ತದೆ, ಅದೇ ಆ ಎರಡನೇ ಚುಕ್ಕೆ. ಮುಂಭಾಗದಲ್ಲೇ ಲೇಪ ಇರುವ ಕನ್ನಡಿ ಹಾಕಿದರೆ ಅದು ಮಾಯ.

ಚುಕ್ಕೆಯ ಅಗಲ ಬರೆದುಕೊಳ್ಳಿ. ಬೆಳಕಿನ ಬಣ್ಣವನ್ನೂ ಬರೆದುಕೊಳ್ಳಿ. ಸಿಲಿಕಾನ್ ಸೆನ್ಸರ್‌ಗಳು ಸುಮಾರು 350ರಿಂದ 1100 ನ್ಯಾನೋಮೀಟರ್‌ವರೆಗೆ ಕೆಲಸ ಮಾಡುತ್ತವೆ. 1310 ಅಥವಾ 1550 ನ್ಯಾನೋಮೀಟರ್ ಲೇಸರ್ ಆದರೆ ಸಿಲಿಕಾನ್‌ಗೆ ಅದು ಕತ್ತಲೆಯೇ, ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಸೆನ್ಸರ್ ಹುಡುಕಬೇಕು. 

ಹೆಜ್ಜೆ 3: ಬಗೆ ಆರಿಸಿ

ನಾಲ್ಕು ಬಗೆ ಇವೆ: ನಾಲ್ಕು ತುಂಡಿನ ಫೋಟೋಡಯೋಡ್ (ಬೆಳಕು ಬಿದ್ದರೆ ಕರೆಂಟ್ ಕೊಡುವ ಬಿಲ್ಲೆ), ಪಿಎಸ್‌ಡಿ (ಪೊಸಿಷನ್ ಸೆನ್ಸಿಟಿವ್ ಡಿಟೆಕ್ಟರ್), ಪಿಕ್ಸೆಲ್ ಸಾಲು, ಕ್ಯಾಮೆರಾ ಸೆನ್ಸರ್.

ನಾಲ್ಕು ತುಂಡಿನದಕ್ಕೆ ಕ್ವಾಡ್ರಂಟ್ ಫೋಟೋಡಯೋಡ್ ಅನ್ನುತ್ತಾರೆ. ಒಂದು ಸಿಲಿಕಾನ್ ಬಿಲ್ಲೆಯನ್ನು ಕೂಡಿಸುವ ಚಿಹ್ನೆಯ ಆಕಾರದಲ್ಲಿ ನಾಲ್ಕು ಭಾಗ ಮಾಡಿದ ಹಾಗೆ. ಚುಕ್ಕೆ ನಟ್ಟನಡುವೆ ಬಿದ್ದರೆ ನಾಲ್ಕೂ ಭಾಗಕ್ಕೆ ಒಂದೇ ಸಮ ಬೆಳಕು. ಬಲಕ್ಕೆ ಸರಿದರೆ ಬಲದ ಎರಡಕ್ಕೆ ಜಾಸ್ತಿ. ಬಲದ ಮೊತ್ತದಿಂದ ಎಡದ ಮೊತ್ತ ಕಳೆದು, ಒಟ್ಟು ಮೊತ್ತದಿಂದ ಭಾಗಿಸಿದರೆ ಸ್ಥಾನ ಸಿಕ್ಕಿತು. ಸಿಡಿ ಪ್ಲೇಯರ್‌ಗಳ ಕಣ್ಣಿನಲ್ಲಿ ಫೋಕಸ್ ಹಿಡಿಯಲು ಇದೇ ನಾಲ್ಕು ತುಂಡು ಇರುತ್ತಿತ್ತು. ಆಟಮಿಕ್ ಫೋರ್ಸ್ ಮೈಕ್ರೋಸ್ಕೋಪ್‌ನಲ್ಲಿ ಸೂಜಿಯ ಬೆನ್ನಿಗೆ ತಾಗಿ ಬರುವ ಲೇಸರ್ ಬೀಳುವುದೂ ಇದರ ಮೇಲೆಯೇ.

ಇದರ ಸೂಕ್ಷ್ಮತೆ ನೋಡಿದರೆ ಖುಷಿಯಾಗುತ್ತದೆ. ಎಲ್ಲ ಕಡೆ ಒಂದೇ ಹೊಳಪಿರುವ 2 ಮಿಮೀ ಅಗಲದ ದುಂಡು ಚುಕ್ಕೆ ಅಂದುಕೊಳ್ಳಿ. ಅದು ಕೇವಲ 1 ಮೈಕ್ರಾನ್ ಸರಿದರೆ, ಒಟ್ಟು ಸಿಗ್ನಲ್ 1 ವೋಲ್ಟ್ ಇದ್ದಾಗ ಎಡ ಬಲದ ವ್ಯತ್ಯಾಸ ಸುಮಾರು 1.3 ಮಿಲಿವೋಲ್ಟ್ ಬರುತ್ತದೆ. ಇದನ್ನು ಹಿಡಿಯುವುದು ಕಷ್ಟವೇ ಅಲ್ಲ. ಚುಕ್ಕೆಯನ್ನು 1 ಮಿಮೀಗೆ ಕಿರಿದು ಮಾಡಿದರೆ ಅದು 2.5 ಮಿಲಿವೋಲ್ಟ್ ಆಗುತ್ತದೆ.

ತೊಂದರೆ ಇರುವುದೂ ಅಲ್ಲೇ. ಚುಕ್ಕೆ ಸಣ್ಣದಾದರೆ ಸಿಗ್ನಲ್ ಎರಡರಷ್ಟಾಯಿತು, ಅಲ್ವಾ? ಅಂದರೆ ಅಳತೆಪಟ್ಟಿಯೇ ಚುಕ್ಕೆಯ ಗಾತ್ರದ ಮೇಲೆ ನಿಂತಿದೆ. ಫೋಕಸ್ ಸ್ವಲ್ಪ ಬದಲಾದರೂ ನಿಮ್ಮ ಮೈಕ್ರಾನ್ ಲೆಕ್ಕ ತಪ್ಪುತ್ತದೆ. ಇನ್ನು ಚುಕ್ಕೆ ಪೂರ್ತಿ ಬಲಭಾಗಕ್ಕೆ ಹೋಗಿಬಿಟ್ಟರೆ ಸೆನ್ಸರ್ ಹೇಳುವುದು ‘ಬಲಕ್ಕಿದೆ’ ಅಂತ ಮಾತ್ರ. ಎಷ್ಟು ಬಲಕ್ಕೆ ಅಂತ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಇದು ಚುಕ್ಕೆಯನ್ನು ನಡುವೆಯೇ ಹಿಡಿದಿಡುವ ಕೆಲಸಕ್ಕೆ, ಅಥವಾ ನಡುವಿನಿಂದ ತುಸುವೇ ಅಲ್ಲಾಡುವುದನ್ನು ನೋಡುವ ಕೆಲಸಕ್ಕೆ. ಚುಕ್ಕೆ ತುಂಡುಗಳ ನಡುವಿನ ಸಂದಿಗಿಂತ ಸಾಕಷ್ಟು ದೊಡ್ಡದಿರಬೇಕು. ಸೆನ್ಸರ್ ಅಂಚಿನಾಚೆ ಚೆಲ್ಲಲೂಬಾರದು. ಸೆನ್ಸರ್‌ನ ಅರ್ಧದಷ್ಟು ಅಗಲದ ಚುಕ್ಕೆಯಿಂದ ಶುರು ಮಾಡಿ ನೋಡಿ.

ಎರಡನೆಯದು ಪಿಎಸ್‌ಡಿ. ಇದರಲ್ಲಿ ತುಂಡುಗಳಿಲ್ಲ, ಇಡೀ ಮೇಲ್ಮೈ ಒಂದೇ ಫೋಟೋಡಯೋಡ್, ಮೇಲೆ ಒಂದು ರೆಸಿಸ್ಟೆನ್ಸ್ ಪದರ. ಬೆಳಕು ಬಿದ್ದ ಕಡೆ ಹುಟ್ಟಿದ ಕರೆಂಟ್ ಎರಡೂ ಅಂಚಿನ ಕಡೆ ಹರಿಯುತ್ತದೆ. ಹತ್ತಿರದ ಅಂಚಿಗೆ ಜಾಸ್ತಿ, ದೂರದ್ದಕ್ಕೆ ಕಡಿಮೆ. ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ, ಸೆನ್ಸರ್‌ನ ಅರ್ಧ ಉದ್ದದಿಂದ ಗುಣಿಸಿದರೆ ನಡುವಿನಿಂದ ಎಷ್ಟು ದೂರ ಅಂತ ನೇರ ಉತ್ತರ. ಜರ್ಮನ್ ಭೌತವಿಜ್ಞಾನಿ ಶಾಟ್ಕಿ 1930ರಲ್ಲಿ ಗಮನಿಸಿದ್ದ ಪರಿಣಾಮ ಇದು. 1957ರಲ್ಲಿ ಸಂಶೋಧಕ ವಾಲ್‌ಮಾರ್ಕ್ ಇದನ್ನು ಮತ್ತೆ ಹಿಡಿದು ಸ್ಥಾನ ಅಳೆಯುವ ಫೋಟೋಸೆಲ್ ಆಗಿಸಿದರು. ಹವ್ಯಾಸಿ ರೋಬೋಟ್‌ಗಳಲ್ಲಿ ಕಾಣುವ ಶಾರ್ಪ್ ಕಂಪನಿಯ ಇನ್‌ಫ್ರಾರೆಡ್ ದೂರ ಸೆನ್ಸರ್ ಒಳಗೂ ಇರುವುದು ಒಂದು ಸಣ್ಣ ಪಿಎಸ್‌ಡಿಯೇ.

ಪಿಎಸ್‌ಡಿಯ ದೊಡ್ಡ ಗುಣ ಏನೆಂದರೆ ಚುಕ್ಕೆಯ ಗಾತ್ರ, ಆಕಾರದ ಬಗ್ಗೆ ಅದಕ್ಕೆ ತಕರಾರಿಲ್ಲ. ಫೋಕಸ್ ಮಸುಕಾದರೂ ಬೆಳಕಿನ ಒಟ್ಟು ತೂಕದ ನಡುಬಿಂದು ಎಲ್ಲಿದೆಯೋ ಅದನ್ನೇ ಹೇಳುತ್ತದೆ. ಓಡಾಟ ದೊಡ್ಡದಿದ್ದು ವೇಗವೂ ಬೇಕು ಅಂದಾಗ ನನ್ನ ಕೈ ಮೊದಲು ಹೋಗುವುದು ಇದರ ಕಡೆಗೆ. ಆದರೆ ಆ ರೆಸಿಸ್ಟೆನ್ಸ್ ಪದರದಿಂದಾಗಿ ಇದರಲ್ಲಿ ನಾಯ್ಸ್ ಜಾಸ್ತಿ. ಅತಿ ಸಣ್ಣ ಚಲನೆಗೆ ನಾಲ್ಕು ತುಂಡಿನದೇ ಮೇಲು. ಅಂಚಿನ ಹತ್ತಿರ ಓದು ಸೊಟ್ಟಗಾಗುತ್ತದೆ, ಅದಕ್ಕೇ ಬೇಕಾದ್ದಕ್ಕಿಂತ ಸ್ವಲ್ಪ ಉದ್ದದ್ದನ್ನು ಕೊಂಡು ನಡುಭಾಗ ಮಾತ್ರ ಬಳಸಿ. ಎರಡು ದಿಕ್ಕಿನದಾದರೆ ಟೆಟ್ರಾಲ್ಯಾಟರಲ್, ಡ್ಯುಯೋಲ್ಯಾಟರಲ್ ಅಂತ ಎರಡು ಹೆಸರು ಕಾಣಿಸುತ್ತವೆ. ನೇರ ಓದು ಮುಖ್ಯವಾದರೆ ಎರಡನೆಯದು. ಮೊದಲನೆಯದರಲ್ಲಿ ಮೂಲೆಗಳ ಕಡೆ ಚೌಕ ದಿಂಬಿನಂತೆ ಎಳೆದುಕೊಳ್ಳುತ್ತದೆ.

ಮೂರನೆಯದು ಪಿಕ್ಸೆಲ್ ಸಾಲು, ಅಂದರೆ ಲೀನಿಯರ್ ಸಿಸಿಡಿ ಅಥವಾ ಸಿಮಾಸ್. ಟಿಎಸ್‌ಎಲ್1401 ಅನ್ನುವ ಚಿಪ್‌ನಲ್ಲಿ 63.5 ಮೈಕ್ರಾನ್ ಅಂತರದ 128 ಪಿಕ್ಸೆಲ್ ಇವೆ, ಮೈಕ್ರೋಕಂಟ್ರೋಲರ್ ಜೊತೆ ಕಲಿಯಲು ಒಳ್ಳೆಯದು. ತೊಷಿಬಾದ ಟಿಸಿಡಿ1304ರಲ್ಲಿ 8 ಮೈಕ್ರಾನ್ ಅಂತರದ 3648 ಪಿಕ್ಸೆಲ್, ಒಟ್ಟು ಸುಮಾರು 29 ಮಿಮೀ ಉದ್ದ. 8 ಮೈಕ್ರಾನ್ ಅಂದರೆ 8 ಮೈಕ್ರಾನ್ ಮಾತ್ರ ಅಳೆಯಬಹುದು ಅಂದುಕೊಳ್ಳಬೇಡಿ. ಚುಕ್ಕೆ ಹಲವು ಪಿಕ್ಸೆಲ್ ಮೇಲೆ ಹರಡಿದ್ದರೆ ನಡುಬಿಂದುವನ್ನು ಪಿಕ್ಸೆಲ್‌ಗಿಂತ ಸಣ್ಣದಾಗಿ ಲೆಕ್ಕ ಹಾಕಬಹುದು.

ಒಂದು ಲೆಕ್ಕ ಮಾಡೇ ನೋಡೋಣ. 100ರಿಂದ 104ರವರೆಗಿನ ಐದು ಪಿಕ್ಸೆಲ್‌ಗಳ ಓದು 10, 60, 100, 80, 20. ನಡುವಿನ 102ನ್ನು ಸೊನ್ನೆ ಅಂತ ಇಟ್ಟು ತೂಕ ಹಾಕಿದರೆ −20, −60, 0, 80, 40. ಮೊತ್ತ 40. ಒಟ್ಟು ಬೆಳಕು 270. 40ನ್ನು 270ರಿಂದ ಭಾಗಿಸಿದರೆ 0.15. ಚುಕ್ಕೆ ಇರುವುದು 102.15ರಲ್ಲಿ. ಅಂದರೆ 102ನೇ ಪಿಕ್ಸೆಲ್‌ನ ನಡುವಿನಿಂದ 1.2 ಮೈಕ್ರಾನ್ ಆಚೆ.

ಈಗ ಅದೇ ಲೆಕ್ಕವನ್ನು ಕೆಡಿಸೋಣ. ಕೋಣೆಯ ಬೆಳಕಿನಿಂದ ಎಲ್ಲ 3648 ಪಿಕ್ಸೆಲ್‌ಗೂ ಬರೀ 1ರಷ್ಟು ಹಿನ್ನೆಲೆ ಸೇರಿತು ಅಂದುಕೊಳ್ಳಿ. ನೋಡಲು ಏನೂ ಅಲ್ಲ, ಚುಕ್ಕೆಯ ತುದಿ 100 ಇದೆ. ಆದರೆ ಹಿನ್ನೆಲೆಯ ಮೊತ್ತ 3648, ಚುಕ್ಕೆಯದು ಬರೀ 270. ಇಡೀ ಸಾಲಿಗೆ ನಡುಬಿಂದು ಲೆಕ್ಕ ಹಾಕಿದರೆ ಉತ್ತರ 102 ಅಲ್ಲ, ಸುಮಾರು 1705! ಕೋಡ್‌ನಲ್ಲಿ ತಪ್ಪಿದೆ ಅಂತ ತಲೆ ಕೆರೆದುಕೊಳ್ಳುತ್ತಾ ಕೂತವರು ಬಹಳ ಜನ ಇರಬೇಕು. ಕೋಡ್ ಸರಿಯಾಗೇ ಇರುತ್ತದೆ. ಮೊದಲು ಅತಿ ಹೊಳಪಿನ ಪಿಕ್ಸೆಲ್ ಹುಡುಕಿ, ಅದರ ಸುತ್ತ ಒಂದು ಸಣ್ಣ ಕಿಟಕಿ ಹಾಕಿ, ಹಿನ್ನೆಲೆ ಕಳೆದು, ಆಮೇಲೆ ಆ ಕಿಟಕಿಯೊಳಗೆ ಮಾತ್ರ ಲೆಕ್ಕ ಮಾಡಿ.

ಸಾಲಿನ ಇನ್ನೊಂದು ಕಷ್ಟ: ಅದು ತೀರಾ ತೆಳುವಾದ ಗೆರೆ. ಟಿಸಿಡಿ1304ರ ಪಿಕ್ಸೆಲ್ ಎತ್ತರ 0.2 ಮಿಮೀ ಅಷ್ಟೇ. ಚುಕ್ಕೆ ಸ್ವಲ್ಪ ಮೇಲೆ ಕೆಳಗೆ ಹೋದರೆ ಸಾಲಿನಿಂದಲೇ ಹೊರಗೆ. ಒಂದು ಸಿಲಿಂಡರ್ ಲೆನ್ಸ್ ಇಟ್ಟು ಚುಕ್ಕೆಯನ್ನು ಸಾಲಿಗೆ ಅಡ್ಡಲಾಗಿ ಗೆರೆಯಂತೆ ಎಳೆದರೆ ಈ ಕಾಟ ತಪ್ಪುತ್ತದೆ.

ಕೊನೆಯದು ಕ್ಯಾಮೆರಾ ಸೆನ್ಸರ್. ಎರಡು ದಿಕ್ಕು, ಚುಕ್ಕೆಯ ಆಕಾರ, ಪಕ್ಕದ ಮಂಕು ಚುಕ್ಕೆ, ಧೂಳು ಎಲ್ಲವನ್ನೂ ತೋರಿಸುವುದು ಇದೊಂದೇ. ನಿಧಾನದ ಕೆಲಸಕ್ಕೆ ಬೇರೆ ಏನೂ ಯೋಚಿಸದೆ ಇದನ್ನೇ ತಗೊಳ್ಳಿ ಅನ್ನುತ್ತೇನೆ. ವೆಬ್‌ಕ್ಯಾಮ್‌ನ ಲೆನ್ಸ್ ಬಿಚ್ಚಿ, ಬೆಳಕು ತಗ್ಗಿಸಿ, ಲೇಸರನ್ನು ನೇರ ಸೆನ್ಸರ್ ಮೇಲೆ ಬೀಳಿಸಿದರೂ ಅಚ್ಚರಿಯಷ್ಟು ಒಳ್ಳೆಯ ಅಳತೆ ಬರುತ್ತದೆ. ಆಟೋ ಎಕ್ಸ್‌ಪೋಷರ್, ಆಟೋ ಗೇನ್, ವೈಟ್ ಬ್ಯಾಲೆನ್ಸ್ ಎಲ್ಲ ಆಫ್ ಮಾಡಿ. ಕಂಪ್ರೆಸ್ ಆಗದ ಚಿತ್ರ ತೆಗೆಯಿರಿ. ಬಣ್ಣದ ಸೆನ್ಸರ್‌ನಲ್ಲಿ ಕೆಂಪು ಲೇಸರ್ ಸರಿಯಾಗಿ ಕಾಣುವುದು ನಾಲ್ಕರಲ್ಲಿ ಒಂದು ಪಿಕ್ಸೆಲ್‌ಗೆ ಮಾತ್ರ, ಹಾಗಾಗಿ ಕೊಳ್ಳುವುದಾದರೆ ಕಪ್ಪು ಬಿಳುಪಿನದೇ ಇರಲಿ. ಚಿತ್ರದಲ್ಲಿ ಕೆಂಪು ಉಂಗುರದ ನಡುವೆ ಬೆಳ್ಳಗಿನ ತೇಪೆ ಕಂಡರೆ ಸೆನ್ಸರ್ ಬೆಳಕಿನಿಂದ ತುಂಬಿ ತುಳುಕುತ್ತಿದೆ ಅಂತ ಅರ್ಥ. ಬೆಳಕು ಕಡಿಮೆ ಮಾಡಿ.

ಕ್ಯಾಮೆರಾ ಸೋಲುವುದು ವೇಗದಲ್ಲಿ. ಸೆಕೆಂಡಿಗೆ 30 ಚಿತ್ರ ಅಂದರೆ 15 ಹರ್ಟ್ಸ್‌ವರೆಗಿನ ಕಂಪನ ಮಾತ್ರ ಸರಿಯಾಗಿ ಕಾಣುತ್ತದೆ. ಅದಕ್ಕಿಂತ ವೇಗದ್ದು ಕಾಣುವುದಿಲ್ಲ ಅಂತಲ್ಲ, ತಪ್ಪಾಗಿ ಕಾಣುತ್ತದೆ. 50 ಹರ್ಟ್ಸ್‌ನಲ್ಲಿ ನಡುಗುವ ಚುಕ್ಕೆ 10 ಹರ್ಟ್ಸ್‌ನಲ್ಲಿ ತೂಗಾಡುವ ಹಾಗೆ ತೋರುತ್ತದೆ. ಕಂಪನ ಅಳೆಯುವ ಕೆಲಸವಾದರೆ ಪಿಎಸ್‌ಡಿ ಅಥವಾ ನಾಲ್ಕು ತುಂಡಿನದಕ್ಕೆ ಹೋಗಿ. ಅವು ಸೆಕೆಂಡಿಗೆ ಸಾವಿರಾರು ಸಲ ಓದಿದರೂ ಸುಸ್ತಾಗುವುದಿಲ್ಲ.

ಒಂದು ಸಲಹೆ. ಕೊನೆಗೆ ಯಾವ ಸೆನ್ಸರ್ ಹಾಕುವುದಿದ್ದರೂ ಮೊದಲು ಒಂದು ದಿನ ಆ ಜಾಗದಲ್ಲಿ ಕ್ಯಾಮೆರಾ ಇಟ್ಟು ನೋಡಿ. ಪಿಎಸ್‌ಡಿ ಕೊಡುವುದು ಒಂದೇ ಅಂಕಿ. ಅದರ ಹಿಂದೆ ಎರಡು ಚುಕ್ಕೆ ಇವೆಯೋ, ಬಾಲ ಇದೆಯೋ ಅಂತ ಅದು ಬಾಯಿ ಬಿಡುವುದಿಲ್ಲ.

ಹೆಜ್ಜೆ 4: ಸುತ್ತಲಿನ ಬೆಳಕಿಗೆ ಮದ್ದು ಹುಡುಕಿ

ಒಮ್ಮೆ ನನ್ನ ಪಿಎಸ್‌ಡಿ ಓದು ದಿನವೂ ಮಧ್ಯಾಹ್ನ ನಡುವಿನ ಕಡೆಗೆ ವಾಲುತ್ತಿತ್ತು. ಬಿಸಿಲಿಗೆ ಚೌಕಟ್ಟು ಹಿಗ್ಗುತ್ತಿದೆ ಅಂದುಕೊಂಡೆ. ಸ್ಕ್ರೂ ಬಿಗಿ ಮಾಡಿದೆ, ಆಂಪ್ಲಿಫೈಯರ್ ಬದಲಿಸಿದೆ. ಎರಡು ದಿನ ಹೋಯಿತು. ಮೂರನೇ ದಿನ ಮೋಡ ಕವಿದಾಗ ಓದು ತಟ್ಟನೆ ವಾಪಸ್ ಬಂತು. ಚೌಕಟ್ಟು ಅಷ್ಟು ಬೇಗ ತಣ್ಣಗಾಗುವುದಿಲ್ಲ. ಕಿಟಕಿಯ ಬೆಳಕು ಟೇಬಲ್‌ಗೆ ಬಡಿದು ಸೆನ್ಸರ್ ಮೇಲೆ ಚೆಲ್ಲುತ್ತಿತ್ತು, ಅಷ್ಟೇ.

ಯಾಕೆ ಹೀಗೆ? ಚುಕ್ಕೆ ನಡುವಿನಿಂದ 4 ಮಿಮೀ ದೂರದಲ್ಲಿದೆ, 9 ಮೈಕ್ರೋಆಂಪ್ ಕರೆಂಟ್ ಕೊಡುತ್ತಿದೆ ಅನ್ನಿ. ಹಿನ್ನೆಲೆ ಬೆಳಕು ಇಡೀ ಸೆನ್ಸರ್ ಮೇಲೆ ಸಮನಾಗಿ ಬಿದ್ದು 1 ಮೈಕ್ರೋಆಂಪ್ ಕೊಡುತ್ತಿದೆ. ಆ ಹಿನ್ನೆಲೆಯ ನಡುಬಿಂದು ಸೊನ್ನೆ. ಒಟ್ಟು ಓದು 4 ಅಲ್ಲ, 3.6 ಮಿಮೀ. ಈಗ ಲೇಸರ್ ಅರ್ಧದಷ್ಟು ಮಂಕಾಯಿತು ಅನ್ನಿ. ಓದು 3.27 ಮಿಮೀ. ಚುಕ್ಕೆ ಇದ್ದಲ್ಲೇ ಇದೆ, ಓದು ಮಾತ್ರ 0.33 ಮಿಮೀ ಸರಿಯಿತು! ಮೊತ್ತದಿಂದ ಭಾಗಿಸಿದರೆ ಹೊಳಪಿನ ಏರಿಳಿತ ಕಾಟ ಕೊಡುವುದಿಲ್ಲ ಅನ್ನುವ ಮಾತು ನಿಜವಾಗುವುದು ಹಿನ್ನೆಲೆ ಸೊನ್ನೆ ಇದ್ದಾಗ ಮಾತ್ರ.

ಮೊದಲ ಮದ್ದು ಸುಲಭ: ಕಪ್ಪು ಕೊಳವೆ, ಕಪ್ಪು ಡಬ್ಬಿ. ಎರಡನೆಯದು ಲೇಸರ್‌ನ ಬಣ್ಣವನ್ನು ಮಾತ್ರ ಬಿಡುವ ಫಿಲ್ಟರ್. ಮೂರನೆಯದು ನನಗೆ ಇಷ್ಟವಾದದ್ದು, ಲೇಸರನ್ನು ಮಿಣುಕಿಸುವುದು. ಆನ್ ಇದ್ದಾಗ ಒಂದು ಓದು, ಆಫ್ ಇದ್ದಾಗ ಒಂದು ಓದು, ಎರಡನೆಯದನ್ನು ಮೊದಲನೆಯದರಿಂದ ಕಳೆಯಿರಿ. ಪ್ರತಿ ಕರೆಂಟನ್ನೂ ಬೇರೆ ಬೇರೆ ಕಳೆದು ಆಮೇಲೆ ಭಾಗಾಕಾರ ಮಾಡಬೇಕು, ಭಾಗಿಸಿದ ಮೇಲೆ ಕಳೆದರೆ ಉಪಯೋಗವಿಲ್ಲ. ಮೇನ್ಸ್‌ನಲ್ಲಿ ಉರಿಯುವ ದೀಪಗಳು ಮೇನ್ಸ್‌ನ ಎರಡರಷ್ಟು ವೇಗದಲ್ಲಿ, ಅಂದರೆ 100 ಅಥವಾ 120 ಹರ್ಟ್ಸ್‌ನಲ್ಲಿ ಮಿಣುಕುತ್ತವೆ. ಅದಕ್ಕಿಂತ ಬಹಳ ವೇಗವಾಗಿ, ಕೆಲವು ಸಾವಿರ ಹರ್ಟ್ಸ್‌ನಲ್ಲಿ ಮಿಣುಕಿಸಿದರೆ ಆ ಕಾಟವೂ ಹೋಗುತ್ತದೆ.

ಹೆಜ್ಜೆ 5: ಆಂಪ್ಲಿಫೈಯರ್ ಮತ್ತು ಎಡಿಸಿ

ಸಿಲಿಕಾನ್ ಸೆನ್ಸರ್ 650 ನ್ಯಾನೋಮೀಟರ್ ಕೆಂಪು ಬೆಳಕಿನ ಪ್ರತಿ ಮಿಲಿವ್ಯಾಟ್‌ಗೆ ಸುಮಾರು 0.4 ಮಿಲಿಆಂಪ್ ಕೊಡುತ್ತದೆ. 100 ಮೈಕ್ರೋವ್ಯಾಟ್ ಬಿದ್ದರೆ 40 ಮೈಕ್ರೋಆಂಪ್, ನಾಲ್ಕು ತುಂಡಿಗೆ ಹಂಚಿದರೆ ತಲಾ 10. ಕರೆಂಟನ್ನು ವೋಲ್ಟೇಜ್ ಆಗಿಸುವ ಟ್ರಾನ್ಸ್‌ಇಂಪೀಡೆನ್ಸ್ ಆಂಪ್ಲಿಫೈಯರ್‌ನಲ್ಲಿ 100 ಕಿಲೋಓಮ್ ಹಾಕಿದರೆ ತಲಾ 1 ವೋಲ್ಟ್. ಚುಕ್ಕೆ ಪೂರ್ತಿ ಒಂದೇ ತುಂಡಿಗೆ ಹೋದರೆ 4 ವೋಲ್ಟ್ ಬರುತ್ತದೆ, ಅದಕ್ಕೂ ಜಾಗ ಇಟ್ಟಿರಿ. ಆ ರೆಸಿಸ್ಟರ್‌ಗೆ ಸಮಾನಾಂತರವಾಗಿ ಒಂದು ಸಣ್ಣ ಕೆಪಾಸಿಟರ್ ಬೇಕು, ಇಲ್ಲದಿದ್ದರೆ ಆಂಪ್ಲಿಫೈಯರ್ ತಾನಾಗಿಯೇ ಕೂಗಾಡುತ್ತದೆ. ಪಿಎಸ್‌ಡಿಗೆ ಡೇಟಾಶೀಟ್ ಹೇಳಿದಷ್ಟು ರಿವರ್ಸ್ ಬಯಾಸ್ (ಉಲ್ಟಾ ದಿಕ್ಕಿನ ವೋಲ್ಟೇಜ್) ಕೊಡಿ, ವೇಗವೂ ಹೆಚ್ಚುತ್ತದೆ, ಜೋರು ಬೆಳಕಿನಲ್ಲೂ ಓದು ನೇರ ಇರುತ್ತದೆ. ಬದಲಿಗೆ ಡಾರ್ಕ್ ಕರೆಂಟ್, ಅಂದರೆ ಕತ್ತಲೆಯಲ್ಲೂ ಹರಿಯುವ ಕರೆಂಟ್, ಸ್ವಲ್ಪ ಏರುತ್ತದೆ.

ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿ ಬಗ್ಗೆ ಒಂದೇ ಲೆಕ್ಕ. 10 ಮಿಮೀ ಪಿಎಸ್‌ಡಿಯನ್ನು 10 ಬಿಟ್‌ನಲ್ಲಿ ಓದಿದರೆ ಒಂದು ಮೆಟ್ಟಿಲು ಸುಮಾರು 10 ಮೈಕ್ರಾನ್. 12 ಬಿಟ್‌ನಲ್ಲಿ 2.4 ಮೈಕ್ರಾನ್. 16 ಬಿಟ್‌ನಲ್ಲಿ 0.15. ದುಬಾರಿ ಸೆನ್ಸರ್ ತಂದು 10 ಬಿಟ್‌ಗೆ ಜೋಡಿಸುವುದು ಸುಮ್ನೆ ದಂಡ.

ಹೆಜ್ಜೆ 6: ನಂಬುವ ಮುಂಚೆ ಪರೀಕ್ಷೆ

ಚುಕ್ಕೆ ಅಲ್ಲಾಡದಂತೆ ನಿಲ್ಲಿಸಿ, ಒಂದು ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಬೂದು ಗಾಜು) ಅಡ್ಡ ಹಿಡಿದು ಬೆಳಕು ಅರ್ಧ ಮಾಡಿ. ಓದು ಬದಲಾಗಬಾರದು. ಬದಲಾದರೆ ಆಂಪ್ಲಿಫೈಯರ್‌ನ ಆಫ್‌ಸೆಟ್ (ಬೆಳಕಿಲ್ಲದಿದ್ದರೂ ಬರುವ ಚೂರು ವೋಲ್ಟೇಜ್) ಇದೆ ಅಂತ ಲೆಕ್ಕ. ಫಿಲ್ಟರನ್ನು ಲೇಸರ್ ಹತ್ತಿರ ಹಿಡಿಯಬೇಡಿ, ಸೆನ್ಸರ್‌ಗೆ ತಾಗುವಷ್ಟು ಹತ್ತಿರ ಹಿಡಿಯಿರಿ. ಗಾಜಿನ ಎರಡು ಮುಖ ಪೂರ್ತಿ ಸಮಾನಾಂತರ ಇರುವುದಿಲ್ಲ, ಕಿರಣವನ್ನು ತುಸು ಬಾಗಿಸುತ್ತದೆ. ಸೆನ್ಸರ್ ಪಕ್ಕದಲ್ಲೇ ಇದ್ದರೆ ಆ ಬಾಗು ದೊಡ್ಡದಾಗಲು ದೂರವೇ ಸಿಗುವುದಿಲ್ಲ. ಆದರೆ ಅಲ್ಲಿ ಹಿಡಿದ ಫಿಲ್ಟರ್ ಹಿನ್ನೆಲೆ ಬೆಳಕನ್ನೂ ಅರ್ಧ ಮಾಡುತ್ತದೆ, ಹಾಗಾಗಿ ಹಿನ್ನೆಲೆ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಅದನ್ನು ಹಿಡಿಯಲು ಲೇಸರ್ ಆಫ್ ಮಾಡಿ, ಕರೆಂಟ್ ಇನ್ನೂ ಬರುತ್ತಿದೆಯಾ ನೋಡಿ.

ಆಮೇಲೆ ಸೆನ್ಸರನ್ನು ಮೈಕ್ರೋಮೀಟರ್ ಸ್ಕ್ರೂ ಇರುವ ಸ್ಟೇಜ್ ಮೇಲೆ ಕೂರಿಸಿ 0.1 ಮಿಮೀ ಹೆಜ್ಜೆಯಲ್ಲಿ ಸರಿಸುತ್ತಾ ಓದು ಬರೆದುಕೊಳ್ಳಿ. ಗ್ರಾಫ್ ಎಲ್ಲಿವರೆಗೆ ನೇರ ಇದೆಯೋ ಅದೇ ನಿಮ್ಮ ನಿಜವಾದ ಅಳತೆಯ ಜಾಗ. ಗ್ರಾಫ್‌ನಲ್ಲಿ ಸಣ್ಣ ಸಣ್ಣ ಅಲೆ ಕಂಡರೆ ಸೆನ್ಸರ್ ಮುಚ್ಚಿರುವ ಗಾಜಿನೊಳಗೆ ಲೇಸರ್ ಹಿಂದೆ ಮುಂದೆ ಬಡಿದು ಪಟ್ಟೆ ಮಾಡುತ್ತಿರಬಹುದು. ಸೆನ್ಸರನ್ನು ಕೆಲವು ಡಿಗ್ರಿ ಓರೆ ಮಾಡಿ ಮತ್ತೆ ನೋಡಿ.

ಕೊನೆಯ ಪರೀಕ್ಷೆಗೆ ಒಂದು ರಾತ್ರಿ ಬೇಕು. ಎಲ್ಲ ಆನ್ ಮಾಡಿ, ಮುಟ್ಟದೆ, ಬೆಳಗಿನವರೆಗೆ ಓದು ದಾಖಲಾಗಲು ಬಿಡಿ. ಮೊದಲ ಅರ್ಧ ಗಂಟೆ ಲೇಸರ್ ಬಿಸಿಯಾಗುತ್ತಾ ಚುಕ್ಕೆ ಸರಿಯುವುದು ಮಾಮೂಲಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೂ ಚುಕ್ಕೆ ಸಣ್ಣಗೆ ಕುಣಿಯುತ್ತಿದ್ದರೆ ಕಿರಣದ ದಾರಿಯ ಕೆಳಗೆ ಏನಾದರೂ ಬಿಸಿ ಇದೆಯಾ ನೋಡಿ. ನನ್ನ ಟೇಬಲ್ ಮೇಲೆ ಅದು ಪವರ್ ಸಪ್ಲೈ ಆಗಿತ್ತು. ಅದರಿಂದ ಮೇಲೇಳುವ ಬಿಸಿ ಗಾಳಿ ಕಿರಣವನ್ನು ಅಲ್ಲಾಡಿಸುತ್ತಿತ್ತು. ಸಪ್ಲೈಯನ್ನು ನೆಲಕ್ಕಿಳಿಸಿ, ಕಿರಣದ ದಾರಿಗೆ ಉದ್ದಕ್ಕೂ ಒಂದು ಪಿವಿಸಿ ಪೈಪ್ ತೊಡಿಸಿದ ಮೇಲೆ ಗ್ರಾಫ್ ನೆಟ್ಟಗಾಯಿತು.